ಸಾಕಿದ ಹಾವು, ಗಿಳಿ, ಗ್ಲೈಡರ್ ಗೂಡು ಬಿಟ್ಟು ಹೋದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನ ಫ್ಲ್ಯಾಟೊಂದರಲ್ಲಿ ಒಂದು ಬಾಲ್ ಪೈಥಾನ್ (ವಿಷವಿಲ್ಲದ ಸಣ್ಣ ಹೆಬ್ಬಾವು) ಮತ್ತು ಎರಡು ಕಾಕಟೀಲ್ (ಜುಟ್ಟಿನ ಸಣ್ಣ ಗಿಳಿ) ಸಾಕಿದ್ದೇನೆ. ಹಾವಿನ ಹೆಸರು ಬೆಲ್ಲ. ಒಂದು ಜನವರಿಯಲ್ಲಿ ಬೆಲ್ಲ ಟ್ಯಾಂಕಿನಿಂದ ಹೊರಗೆ ಹೋಗಿ 11 ದಿನ ಸಿಗಲಿಲ್ಲ. ಆ ಸುದ್ದಿ ಹರಡಿದ ಮೇಲೆ ಸ್ನೇಹಿತರು, ಸ್ನೇಹಿತರ ಸ್ನೇಹಿತರು, ಪರಿಚಯವೇ ಇಲ್ಲದವರು ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿ ಕೇಳಲು ಶುರುಮಾಡಿದರು. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ನಿಮ್ಮ ಪ್ರಾಣಿ ಈಗಲೇ ಕಾಣೆಯಾಗಿದ್ದರೆ ಮೊದಲ ಎರಡು ಉತ್ತರ ಓದಿ ಎದ್ದು ಹೋಗಿ. ಮಿಕ್ಕದ್ದನ್ನು ಆಮೇಲೆ ಓದಬಹುದು.

ಈಗಷ್ಟೇ ನೋಡಿದೆ, ಗೂಡು ಖಾಲಿ. ಮೊದಲು ಏನು ಮಾಡಲಿ?

ಬಾಗಿಲು ಮುಚ್ಚಿ. ಆ ಕೋಣೆಯದ್ದು, ಬಾಲ್ಕನಿಯದ್ದು, ಮುಂಬಾಗಿಲು, ಎಲ್ಲವನ್ನೂ. ಬಾಗಿಲ ಕೆಳಗಿನ ಸಂದಿಗೆ ಟವೆಲ್ ಸುತ್ತಿ ತುರುಕಿ. ಆಮೇಲೆ ಫ್ಯಾನ್ ನಿಲ್ಲಿಸಿ. ಇದನ್ನು ತುಂಬಾ ಜನ ಮರೆಯುತ್ತಾರೆ. ಹಕ್ಕಿಗೂ ಅಳಿಲಿನಂಥ, ತೇಲಿ ನೆಗೆಯುವ ಶುಗರ್ ಗ್ಲೈಡರ್‌ಗೂ ಹೊರಗಿನ ಕಾಗೆ, ಹದ್ದು ಎಷ್ಟು ಅಪಾಯವೋ ತಿರುಗುತ್ತಿರುವ ಸೀಲಿಂಗ್ ಫ್ಯಾನೂ ಅಷ್ಟೇ ಅಪಾಯ. ಒಲೆ ಆರಿಸಿ. ಕಮೋಡಿನ ಮುಚ್ಚಳ ಹಾಕಿ, ಬಕೆಟ್ಟಿನಲ್ಲಿ ನೀರಿದ್ದರೆ ಚೆಲ್ಲಿ. ನಾಯಿ, ಬೆಕ್ಕು ಇದ್ದರೆ ಬೇರೆ ಕೋಣೆಗೆ ಹಾಕಿ. ವಾಷಿಂಗ್ ಮೆಷಿನ್ ಆನ್ ಮಾಡಬೇಡಿ, ಒಳಗೆ ಕೈಹಾಕಿ ನೋಡದೆ ಬಟ್ಟೆಯನ್ನೂ ತುಂಬಬೇಡಿ. ರಿಕ್ಲೈನರ್ ಸೋಫಾ ಇದ್ದರೆ ಅದನ್ನು ಯಾರೂ ಎಳೆಯಬಾರದು, ಮಡಚಬಾರದು. ಅದರೊಳಗಿನ ಕಬ್ಬಿಣದ ಕೈಗಳ ನಡುವೆ ಹಾವು, ಹಲ್ಲಿ ಸಿಕ್ಕಿಕೊಂಡರೆ ಬದುಕುವುದಿಲ್ಲ.

ಇಷ್ಟೂ ಆದ ಮೇಲೆ ಗೂಡನ್ನೇ ಇನ್ನೊಮ್ಮೆ ನೋಡಿ. ಸುಮ್ನೆ ಹೇಳುತ್ತಿಲ್ಲ. ಕೆಳಗೆ ಹಾಸಿದ ತೆಂಗಿನ ನಾರಿನೊಳಗೆ, ನೀರಿನ ಬಟ್ಟಲಿನ ಅಡಿಯಲ್ಲಿ, ಹಿಂಬದಿಗೆ ಅಂಟಿಸಿದ ಕಾರ್ಕಿನ ಹಿಂದೆ ಅದು ಮಲಗಿರಬಹುದು. ನನಗೆ ಫೋನ್ ಮಾಡಿದ ಒಬ್ಬರ ಲೆಪರ್ಡ್ ಗೆಕ್ಕೊ ಹಲ್ಲಿ ತನ್ನ ಗೂಡಿನ ಕಲ್ಲಿನ ಅಡಿಯಲ್ಲೇ ಇತ್ತು. ಅವರು ಅಷ್ಟರಲ್ಲಿ ಮನೆಯ ಮಂಚಗಳನ್ನೆಲ್ಲ ಬಿಚ್ಚಿಹಾಕಿದ್ದರು.

ಹಾವು ಎಲ್ಲಿಗೆ ಹೋಗಿರುತ್ತದೆ? ಎಲ್ಲಿಂದ ಹುಡುಕುವುದು?

ದೂರ ಹೋಗಿರುವುದಿಲ್ಲ. ಇದನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ. ಪ್ರಾಣಿ ಕಾಣಲಿಲ್ಲ ಅಂದ ತಕ್ಷಣ ನಾವು ಮೆಟ್ಟಿಲು ಇಳಿದು ಪಾರ್ಕಿಂಗ್‌ಗೆ, ರಸ್ತೆಗೆ ಓಡುತ್ತೇವೆ. ಅದು ಗೂಡಿನಿಂದ ಹತ್ತಡಿ ದೂರದ ಕಪಾಟಿನ ಹಿಂದೆ ಸುಮ್ಮನೆ ಸುರುಳಿ ಸುತ್ತಿಕೊಂಡಿರುತ್ತದೆ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು, ಅಲ್ಲಿ ಹಗಲೆಲ್ಲ ಇಲಿ ಬಿಲಗಳಲ್ಲಿ ಇರುತ್ತದೆ. ಮನೆಯಲ್ಲೂ ಅದು ಹುಡುಕುವುದು ಬಿಲದಂಥ ಜಾಗವನ್ನೇ: ಕತ್ತಲು, ಬಿಸಿ, ಮೈಗೆ ನಾಲ್ಕೂ ಕಡೆ ಒತ್ತುವಷ್ಟು ಇಕ್ಕಟ್ಟು. ಫ್ರಿಜ್ ಹಿಂದೆ ಕಂಪ್ರೆಸರ್ ಇರುವ ಮೂಲೆ, ಇನ್ವರ್ಟರ್ ಪಕ್ಕ, ಸೆಟ್‌ಟಾಪ್ ಬಾಕ್ಸ್ ಹಿಂದೆ, ಸೋಫಾದ ಅಡಿಬಟ್ಟೆಯ ಒಳಗೆ, ಶೂ ಸ್ಟ್ಯಾಂಡಿನಲ್ಲಿ, ಪುಸ್ತಕಗಳ ಹಿಂದೆ, ಡ್ರಾಯರ್ ಹಿಂದಿನ ಖಾಲಿ ಜಾಗದಲ್ಲಿ ನೋಡಿ. ಡ್ರಾಯರನ್ನು ಪೂರ್ತಿ ಹೊರಗೆ ತೆಗೆಯಬೇಕು, ಇಣುಕಿದರೆ ಸಾಲದು.

ಹಗಲು ಒಂದು ಸಲ ಹುಡುಕಿ, ಆದರೆ ಮುಖ್ಯ ಹುಡುಕಾಟ ರಾತ್ರಿಯದ್ದು. ಮನೆಯ ಲೈಟೆಲ್ಲ ಆರಿಸಿ ಒಂದು ಗಂಟೆ ಸದ್ದಿಲ್ಲದೆ ಕೂತಿದ್ದು, ಆಮೇಲೆ ಟಾರ್ಚ್ ಹಿಡಿದು ಗೋಡೆಯ ಅಂಚಿನ ಉದ್ದಕ್ಕೂ ನಡೆಯಿರಿ. ಹಾವು ನಡುಮನೆಯಲ್ಲಿ ಹರಿಯುವುದು ಕಡಿಮೆ, ಗೋಡೆ ಹಿಡಿದೇ ಹೋಗುತ್ತದೆ. ಕೋಣೆಯ ಮೂಲೆಗಳಲ್ಲಿ ತೆಳು ಪ್ಲಾಸ್ಟಿಕ್ ಕವರ್‌ಗಳನ್ನು ಸುಕ್ಕು ಮಾಡಿ ಹಾಸಿಟ್ಟರೆ ಅದು ಮೇಲೆ ಹರಿದಾಗ ಚರಚರ ಸದ್ದು ಕೇಳುತ್ತದೆ.

ಇನ್ನೊಂದು ಉಪಾಯ ನನಗೆ ಕೈಕೊಟ್ಟಿಲ್ಲ. ಪ್ರತಿ ಹೊಸ್ತಿಲಿಗೂ ಅಡ್ಡಲಾಗಿ ರಂಗೋಲಿ ಪುಡಿಯನ್ನು ನಾಲ್ಕು ಬೆರಳಗಲ ತೆಳುವಾಗಿ ಉದುರಿಸಿ. ಬೇರೆಯವರು ಹಿಟ್ಟು ಹಾಕಿ ಅನ್ನುತ್ತಾರೆ, ಹಿಟ್ಟಿಗೆ ಇರುವೆ ಮುತ್ತುತ್ತದೆ. ರಂಗೋಲಿ ಪುಡಿಗೆ ಆ ತೊಂದರೆ ಇಲ್ಲ. ಬೆಳಿಗ್ಗೆ ನೋಡಿದರೆ ಯಾವ ಕೋಣೆಯಿಂದ ಯಾವ ಕೋಣೆಗೆ ಹೋಗಿದೆ ಅಂತ ಗೊತ್ತಾಗುತ್ತದೆ. ಜಿರಳೆ ನಡೆದಿದ್ದರೆ ಸಣ್ಣ ಚುಕ್ಕೆಗಳ ಸಾಲು, ಹಾವು ಹರಿದಿದ್ದರೆ ಹೆಬ್ಬೆರಳಗಲದ ಅಲೆಯಂಥ ಗೆರೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ತೋಟದಲ್ಲಿ ಒಂದು ಹಾವು ಕಂಡಿದೆ, ನಮ್ಮದೇ ಇರಬೇಕು. ಕೈಯಲ್ಲಿ ಹಿಡಿಯಲಾ?

ಬೇಡ. ದಯವಿಟ್ಟು ಬೇಡ.

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ. ಬೆಂಗಳೂರಿನ ಖಾಲಿ ಸೈಟುಗಳಲ್ಲಿ, ಕಾಂಪೌಂಡ್ ಬುಡದ ಎಲೆರಾಶಿಯಲ್ಲಿ ಕೊಳಕುಮಂಡಲ ಇರುತ್ತದೆ. ನಾಗರಹಾವೂ ಇರುತ್ತದೆ. ಕೊಳಕುಮಂಡಲವೂ ದಪ್ಪ, ಗಿಡ್ಡ, ಕಂದು ಬಣ್ಣ, ಮೈಮೇಲೆ ಮಚ್ಚೆ. ಬಾಲ್ ಪೈಥಾನೂ ದಪ್ಪ, ಗಿಡ್ಡ, ಕಂದು, ಮಚ್ಚೆ. ಮೂರು ದಿನ ನಿದ್ದೆಗೆಟ್ಟು ಹುಡುಕುತ್ತಿರುವವರಿಗೆ ರಾತ್ರಿ ಟಾರ್ಚ್ ಬೆಳಕಿನಲ್ಲಿ ಎಲೆಯ ಕೆಳಗೆ ಆರಿಂಚು ಮೈ ಕಂಡರೆ ಅದು ತಮ್ಮದೇ ಅನ್ನಿಸುತ್ತದೆ. ಹಾಗೆ ಅನ್ನಿಸುವುದೇ ಅಪಾಯ.

ವ್ಯತ್ಯಾಸ ದೂರದಿಂದ ನೋಡಿ ತಿಳಿಯಬಹುದು. ಕೊಳಕುಮಂಡಲದ ಬೆನ್ನ ಮೇಲೆ ಸರಪಳಿಯ ಕೊಂಡಿಗಳ ಹಾಗೆ ಮೊಟ್ಟೆಯಾಕಾರದ ಮಚ್ಚೆಗಳು ಮೂರು ಸಾಲಾಗಿ, ಅಂಚು ಕಪ್ಪಾಗಿ ಇರುತ್ತವೆ. ಹತ್ತಿರ ಹೋದರೆ ಕುಕ್ಕರ್ ಹಬೆ ಬಿಟ್ಟ ಹಾಗೆ ಜೋರಾಗಿ ಬುಸುಗುಡುತ್ತದೆ. ಬಾಲ್ ಪೈಥಾನಿನದ್ದು ಕಡುಗಂದು ಅಥವಾ ಕಪ್ಪು ಮೈಮೇಲೆ ಅಡ್ಡಾದಿಡ್ಡಿ ಹೊಂಬಣ್ಣದ ತೇಪೆಗಳು, ಹೆದರಿದರೆ ತಲೆಯನ್ನು ನಡುವೆ ಹುದುಗಿಸಿ ಚೆಂಡಾಗಿಬಿಡುತ್ತದೆ. ಇಷ್ಟು ಗೊತ್ತಿದ್ದರೂ ಕೈ ಹಾಕಬೇಡಿ. ದೂರ ನಿಂತು ಜೂಮ್ ಮಾಡಿ ಫೋಟೋ ತೆಗೆಯಿರಿ, ಕಣ್ಣು ತಪ್ಪದ ಹಾಗೆ ಒಬ್ಬರು ನೋಡುತ್ತಿರಲಿ, ಹಾವು ಹಿಡಿಯಲು ಬಲ್ಲವರನ್ನು ಕರೆಸಿ. ಕರ್ನಾಟಕದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926. ಕಚ್ಚಿಸಿಕೊಂಡರೆ ಮಾತ್ರ ಫೋಟೋ, ಗುರುತು ಹಿಡಿಯುವುದು ಎಲ್ಲ ಬಿಟ್ಟು ನೇರ ಆಸ್ಪತ್ರೆಗೆ ಹೋಗಿ.

ಗಿಳಿ ಹಾರಿಹೋಗಿದೆ. ಮರದ ಮೇಲೆ ಕಾಣುತ್ತಿದೆ, ಕರೆದರೂ ಬರುತ್ತಿಲ್ಲ. ಏಕೆ?

ಬರಬಾರದು ಅಂತ ಅಲ್ಲ, ಇಳಿಯುವುದು ಗೊತ್ತಿಲ್ಲ. ಮನೆಯೊಳಗೆ ಬೆಳೆದ ಹಕ್ಕಿ ಕುರ್ಚಿಯಿಂದ ಕಿಟಕಿಗೆ ಹಾರಿರುತ್ತದೆ ಅಷ್ಟೇ. ಗಾಬರಿಯಲ್ಲಿ ಮೇಲೆ ಹತ್ತುವುದು ಸುಲಭ. ನಾಲ್ಕು ಮಹಡಿ ಎತ್ತರದಿಂದ ಕಡಿದಾಗಿ ಕೆಳಕ್ಕೆ ಹಾರುವುದನ್ನು ಅದು ಯಾವತ್ತೂ ಮಾಡಿಲ್ಲ. ಅದಕ್ಕೇ ನೀವು ಬುಡದಲ್ಲಿ ನಿಂತು ಕೂಗಿದರೆ ಅದೂ ಅಲ್ಲಿಂದಲೇ ಕೂಗುತ್ತದೆ, ಕದಲುವುದಿಲ್ಲ. ಪಕ್ಕದ ಕಟ್ಟಡದ ಟೆರೇಸಿಗೆ ಹೋಗಿ, ಅದರ ಮಟ್ಟಕ್ಕೆ ನಿಂತು ಕರೆಯಿರಿ. ಅದರ ಪಂಜರವನ್ನು, ಅದರ ಬಟ್ಟಲನ್ನು, ಜೋಡಿ ಹಕ್ಕಿ ಇದ್ದರೆ ಅದನ್ನೂ ಬೇರೆ ಭದ್ರವಾದ ಪಂಜರದಲ್ಲಿ ಅಲ್ಲಿಗೆ ತನ್ನಿ. ಜೋಡಿಯ ಕೂಗಿಗೆ ಬಂದಷ್ಟು ನಮ್ಮ ಕೂಗಿಗೆ ಬರುವುದಿಲ್ಲ.

ಕಲ್ಲು ಎಸೆಯುವುದು, ಪೈಪಿನಿಂದ ನೀರು ಹೊಡೆಯುವುದು, ಮರ ಅಲ್ಲಾಡಿಸುವುದು ಬೇಡ. ಪಕ್ಕದ ಮನೆ ಹುಡುಗರು ಉತ್ಸಾಹದಲ್ಲಿ ಮರ ಹತ್ತಲು ಹೊರಟರೆ ತಡೆಯಿರಿ. ಹೆದರಿ ಇನ್ನೊಂದು ಸಲ ಹಾರಿದರೆ ಎರಡು ಬೀದಿ ಆಚೆ ಹೋಗುತ್ತದೆ. ಕಾಗೆಗಳು ಸುತ್ತಿಕೊಂಡಿದ್ದರೆ ಅದೇ ನಿಮಗೆ ಗುರುತು: ಎಲ್ಲಿ ಕಾಗೆ ಗದ್ದಲ ಜಾಸ್ತಿಯೋ ಅಲ್ಲಿ ನಿಮ್ಮ ಹಕ್ಕಿ ಇರಬಹುದು. ಸಂಜೆ ಕತ್ತಲಾಗುವ ಮುಂಚೆ ಅದು ಒಂದು ಕೊಂಬೆ ಹಿಡಿದು ಕೂರುತ್ತದೆ. ಆ ಕೊಂಬೆಯನ್ನು ಗುರುತಿಟ್ಟುಕೊಂಡು ಬೆಳಕು ಹರಿಯುವ ಮೊದಲೇ ಅಲ್ಲಿ ಇರಿ. ರಾತ್ರಿಯೆಲ್ಲ ಹಸಿದ ಹಕ್ಕಿ ಬೆಳಗಿನ ಮೊದಲ ಗಂಟೆಯಲ್ಲಿ ಬಟ್ಟಲಿನ ಸದ್ದಿಗೆ ಬರುವ ಸಾಧ್ಯತೆ ಜಾಸ್ತಿ.

ಹೆಚ್ಚು ಜನಕ್ಕೆ ತಿಳಿಸಿದಷ್ಟೂ ಒಳ್ಳೆಯದು. 2022ರ ಜುಲೈನಲ್ಲಿ ತುಮಕೂರಿನಲ್ಲಿ ಒಂದು ಕುಟುಂಬದ ಆಫ್ರಿಕನ್ ಗ್ರೇ ಗಿಳಿ ಕಾಣೆಯಾದಾಗ ಅವರು ಊರಿಗೆಲ್ಲ ಪೋಸ್ಟರ್ ಅಂಟಿಸಿ 50,000 ರೂಪಾಯಿ ಬಹುಮಾನ ಅಂತ ಹೇಳಿದ್ದು, ಸಿಕ್ಕ ಮೇಲೆ 85,000 ಕೊಟ್ಟಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಎಲ್ಲರಿಗೂ ಅಷ್ಟು ಹಣ ಕೊಡಲಾಗುವುದಿಲ್ಲ. ಆದರೆ ಪೋಸ್ಟರ್ ಎಲ್ಲರೂ ಅಂಟಿಸಬಹುದು. ಕಾಲಿನ ಉಂಗುರದ ನಂಬರನ್ನು ಮಾತ್ರ ಪೋಸ್ಟರಿನಲ್ಲಿ ಹಾಕಬೇಡಿ. ಯಾರಾದರೂ "ಸಿಕ್ಕಿದೆ" ಅಂತ ಫೋನ್ ಮಾಡಿದಾಗ ಅದನ್ನು ಅವರ ಬಾಯಲ್ಲಿ ಹೇಳಿಸಿ.

ರೆಕ್ಕೆ ಕತ್ತರಿಸಿದ್ದೇವೆ, ಹಾರುವುದಿಲ್ಲ ಅಲ್ವಾ?

ಮಹಡಿಯ ಬಾಲ್ಕನಿಯಿಂದ ಒಂದು ಗಾಳಿ ಸಿಕ್ಕರೆ ಹಾರುತ್ತದೆ. ಗರಿ ಮತ್ತೆ ಬೆಳೆಯುತ್ತದೆ, ನಮ್ಮ ಗಮನಕ್ಕೆ ಬಂದಿರುವುದಿಲ್ಲ. ಕತ್ತರಿಸಿದ ರೆಕ್ಕೆಯ ಹಕ್ಕಿ ಹೊರಗೆ ಹೋದರೆ ಬೆಕ್ಕಿನಿಂದ ತಪ್ಪಿಸಿಕೊಳ್ಳಲೂ ಆಗುವುದಿಲ್ಲ. ಕಿಟಕಿಗೆ ಜಾಲರಿ ಹಾಕಿಸಿ, ರೆಕ್ಕೆ ಬಿಟ್ಟುಬಿಡಿ.

ಶುಗರ್ ಗ್ಲೈಡರ್, ಹೆಡ್ಜ್‌ಹಾಗ್, ಇಗುವಾನಾ, ಟರಾಂಟುಲಾ: ಇವಕ್ಕೆಲ್ಲ ಒಂದೇ ವಿಧಾನವಾ?

ಇಲ್ಲ. ಯಾವುದು ಮೇಲೆ ಹೋಗುತ್ತದೆ, ಯಾವುದು ಕೆಳಗೆ ಉಳಿಯುತ್ತದೆ ಅನ್ನುವುದನ್ನು ಮೊದಲು ಯೋಚಿಸಿ.

ಗ್ಲೈಡರ್ ಮೇಲಿನ ಪ್ರಾಣಿ. ಆಸ್ಟ್ರೇಲಿಯಾ, ನ್ಯೂಗಿನಿಯ ಮರಗಳಲ್ಲಿ ಅದು ಒಂದು ನೆಗೆತಕ್ಕೆ ಸುಮಾರು 50 ಮೀಟರ್ ತೇಲಬಲ್ಲದು, ತೂಕ ಒಂದು ಸೋಪಿನಷ್ಟು. ಪರದೆಯ ಕಂಬಿ, ಅಟ್ಟ, ಎಸಿ ಮೇಲೆ, ಕಪಾಟಿನ ತಲೆ, ಇಲ್ಲೇ ಇರುತ್ತದೆ. ಅದು ಮಲಗುವ ಚೀಲವನ್ನು ಅಥವಾ ನೀವು ಉಟ್ಟು ತೊಳೆಯದ ಬನಿಯನ್ನನ್ನು ಎತ್ತರದಲ್ಲಿ ನೇತುಹಾಕಿ, ಒಳಗೆ ಸೇಬಿನ ಚೂರು ಇಡಿ. ಬೆಳಗಿನ ಜಾವ ಮಲಗಲು ತಾನಾಗಿ ಬಂದು ಸೇರುತ್ತದೆ. ತೆರೆದ ಕಮೋಡು, ನೀರು ತುಂಬಿದ ಬಕೆಟ್ಟು ಇದಕ್ಕೆ ಯಮ.

ಹೆಡ್ಜ್‌ಹಾಗ್ ಮೈತುಂಬ ಮುಳ್ಳಿರುವ, ನೆಲದ ಪ್ರಾಣಿ. ಮಂಚದಡಿ, ರಾಶಿ ಬಟ್ಟೆ, ಚಪ್ಪಲಿ ಮೂಲೆ. ರಾತ್ರಿ ಕಿವಿಗೊಟ್ಟರೆ ಉಗುರಿನ ಟಕಟಕ ಕೇಳುತ್ತದೆ. ಚಳಿಗೆ ಸಿಕ್ಕಿ ಮುದುಡಿ ಅಲ್ಲಾಡದೆ ಬಿದ್ದಿದ್ದರೆ ಸತ್ತಿದೆ ಅಂದುಕೊಳ್ಳಬೇಡಿ. ಎದೆಗವಚಿ ನಿಧಾನ ಬೆಚ್ಚಗೆ ಮಾಡಿ, ವೈದ್ಯರ ಹತ್ತಿರ ಓಡಿ.

ಇಗುವಾನಾ ದೊಡ್ಡ ಹಲ್ಲಿಯಂಥದ್ದು, ಹಗಲಿನದ್ದು, ಬಿಸಿಲು ಬೀಳುವ ಎತ್ತರಕ್ಕೆ ಹೋಗುತ್ತದೆ. ರಾತ್ರಿ ತಂಪಿಗೆ ಮಂದವಾಗುತ್ತದೆ, ಹಿಡಿಯಲು ಬೆಳಗಿನ ಜಾವವೇ ಸರಿ. ಬಾಲ ಹಿಡಿದು ಎಳೆಯಬೇಡಿ, ಕಳಚಿ ಕೈಗೆ ಬರುತ್ತದೆ. ದೊಡ್ಡ ಟವೆಲ್ ಹಾಕಿ ಭುಜ ಮತ್ತು ಸೊಂಟ ಎರಡೂ ಸೇರಿಸಿ ಎತ್ತಿ.

ಟರಾಂಟುಲಾ ಅನ್ನುವ ದೊಡ್ಡ ಜೇಡಕ್ಕೆ ಅಗಲ ಬಾಯಿಯ ಡಬ್ಬಿ ಮತ್ತು ಒಂದು ರಟ್ಟು ಸಾಕು. ಮನೆಗೆ ಜಿರಳೆ ಔಷಧಿ ಹೊಡೆಸುವುದಿದ್ದರೆ ಅದನ್ನು ನಿಲ್ಲಿಸಿ. ಯಾರೂ ಚಪ್ಪಲಿಯಲ್ಲಿ ಹೊಡೆಯದ ಹಾಗೆ ಮನೆಯವರಿಗೆಲ್ಲ ಹೇಳಿಡಿ.

ನೆರೆಹೊರೆಯವರಿಗೆ ಹೇಳಬೇಕಾ? ಹೇಳಿದರೆ ಗಲಾಟೆ ಆಗುತ್ತದೆ.

ಹೇಳಬೇಕು. ಗಲಾಟೆ ಆಗುತ್ತದೆ, ನಿಜ. ನನಗೂ ಆಯಿತು. ಅಸೋಸಿಯೇಷನ್ ಮೀಟಿಂಗ್ ಕರೆದರು, ಒಬ್ಬರು ಎರಡು ವಾರ ಮಾತಾಡಲಿಲ್ಲ. ಆದರೆ ಅವರ ಬಚ್ಚಲಿನಲ್ಲಿ ಒಂದು ದಿನ ಹಠಾತ್ತಾಗಿ ಹಾವು ಕಂಡು, ಅದು ಯಾವುದು ಅಂತ ಗೊತ್ತಿಲ್ಲದೆ ಅವರು ಕೋಲು ಎತ್ತುವುದಕ್ಕಿಂತ ಇದು ಎಷ್ಟೋ ಮೇಲು. ಕೋಲು ಎತ್ತಿದವರ ತಪ್ಪೂ ಅಲ್ಲ ಅದು. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಯಾರಾದರೂ ಅದನ್ನೇ ಮಾಡುತ್ತಾರೆ.

ಅಮೆರಿಕದ ನಾರ್ತ್ ಕ್ಯಾರೊಲೈನಾದ ರಾಲಿ ಪಟ್ಟಣದಲ್ಲಿ ನಡೆದದ್ದು ನೋಡಿ. ಒಬ್ಬರ ಮನೆಯಿಂದ ವಿಷ ಉಗುಳುವ ಜೀಬ್ರಾ ನಾಗರ 2020ರ ನವೆಂಬರಿನಲ್ಲೇ ತಪ್ಪಿಸಿಕೊಂಡಿತ್ತು. ಅವರು ಹೇಳಲಿಲ್ಲ. 2021ರ ಜೂನ್ ಕೊನೆಯಲ್ಲಿ ಅದು ಬೇರೆಯವರ ಮನೆಯ ಜಗುಲಿಯಲ್ಲಿ ಕಂಡಾಗಲೇ ಊರಿಗೆ ಗೊತ್ತಾಗಿದ್ದು. ಹಾವು ಸಿಕ್ಕಿತು, ಯಾರಿಗೂ ಕಚ್ಚಲಿಲ್ಲ. ಸಾಕಿದವರು ಮಾತ್ರ ಸುಮಾರು 13 ಸಾವಿರ ಡಾಲರ್ ಕಟ್ಟಬೇಕಾಯಿತು, ತಮ್ಮ ಬೇರೆ ಹಾವುಗಳನ್ನೂ ಬಿಟ್ಟುಕೊಡಬೇಕಾಯಿತು. ಏಳು ತಿಂಗಳು ಆ ಬೀದಿಯ ಮಕ್ಕಳು ಏನೂ ಗೊತ್ತಿಲ್ಲದೆ ಹುಲ್ಲಿನ ಮೇಲೆ ಆಡಿದ್ದಾರೆ. ನನಗೆ ದಂಡಕ್ಕಿಂತ ಅದೇ ಮನಸ್ಸಿಗೆ ಚುಚ್ಚುವುದು.

ಹೊರನಾಡಿನ ವಿಷದ ಹಾವನ್ನು ನಮ್ಮಲ್ಲಿ ಯಾರೂ ಮನೆಯಲ್ಲಿ ಇಡಲೇಬಾರದು. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ. ಆಫ್ರಿಕಾದ ಹಾವು ಕಚ್ಚಿದರೆ ಅದನ್ನೇ ನಂಬಿ ಕೂರಲಾಗುವುದಿಲ್ಲ.

ನೆರೆಯವರಿಗೆ ಹೇಳುವಾಗ ಫೋಟೋ ತೋರಿಸಿ, ಎಷ್ಟು ಉದ್ದ, ವಿಷ ಇಲ್ಲ, ಕಂಡರೆ ಮುಟ್ಟಬೇಡಿ, ಮೇಲೆ ಒಂದು ಬಕೆಟ್ ಬೋರಲು ಹಾಕಲು ಧೈರ್ಯ ಬಂದರೆ ಹಾಕಿ, ಇಲ್ಲದಿದ್ದರೆ ಬಾಗಿಲು ಹಾಕಿ ನನಗೆ ಫೋನ್ ಮಾಡಿ ಅಂತ ಹೇಳಿ. ವಾಚ್‌ಮನ್‌ಗೆ, ಮನೆಗೆಲಸಕ್ಕೆ ಬರುವವರಿಗೆ ಮೊದಲು ಹೇಳಿ. ಮೂಲೆಮೂಲೆಗೆ ಕೈ ಹಾಕಿ ಗುಡಿಸುವುದು ಅವರೇ ಅಲ್ವಾ?

ಕಾನೂನು ಏನು ಹೇಳುತ್ತದೆ?

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ಕ್ಕೆ 2022ರಲ್ಲಿ ಮಾಡಿದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾಡುಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಜೀವಂತ ಪ್ರಾಣಿಗಳನ್ನು ಈಗ ನೋಂದಾಯಿಸಬೇಕು. 2024ರ ನಿಯಮಗಳ ಪ್ರಕಾರ ಅದು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ ಮೂಲಕ ನಡೆಯುತ್ತದೆ. ಬಾಲ್ ಪೈಥಾನ್, ಹಸಿರು ಇಗುವಾನಾ, ಆಫ್ರಿಕನ್ ಗ್ರೇ ಇವೆಲ್ಲ ಆ ಪಟ್ಟಿಯಲ್ಲಿವೆ. ನಕ್ಷತ್ರ ಆಮೆ, ನಮ್ಮ ಹಸಿರು ಗಿಳಿ, ಮಣ್ಣುಮುಕ್ಕ ಹಾವು ಇವು ನಮ್ಮ ಕಾಡಿನವು, ಸಾಕುವುದೇ ಅಪರಾಧ.

ನೋಂದಣಿ ಇರುವ ಪ್ರಾಣಿ ತಪ್ಪಿಸಿಕೊಂಡರೆ ಅರಣ್ಯ ಇಲಾಖೆಗೆ ಬರವಣಿಗೆಯಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಇನ್ನೊಂದು ವಿಷಯ: ಸಾಕಿದ ಪ್ರಾಣಿಯಿಂದ ಬೇರೆಯವರಿಗೆ ಅಪಾಯ ಆಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಕಾಗದ ಇಲ್ಲ, ಹಾಗಾಗಿ ಯಾರಿಗೂ ಹೇಳುವುದಿಲ್ಲ ಅನ್ನುವವರು ಫೋನ್ ಮಾಡುತ್ತಾರೆ. ಅವರಿಗೆ ನಾನು ಹೇಳುವುದು ಒಂದೇ, ಮೊದಲು ಜೀವ ನೋಡಿ. ಕಾಗದದ ವಿಷಯಕ್ಕೆ ವಕೀಲರನ್ನು ಕೇಳಿ.

ಆಮೆ ತಪ್ಪಿಸಿಕೊಂಡು ಕೆರೆಗೆ ಹೋಗಿದೆ. ಅಲ್ಲಿ ಸುಖವಾಗಿರುತ್ತದೆ, ಬಿಡೋಣವಾ?

ಅದು ಸುಖವಾಗಿರಬಹುದು, ಕೆರೆ ಸುಖವಾಗಿರುವುದಿಲ್ಲ. ಅಂಗಡಿಯಲ್ಲಿ ನಾಣ್ಯದಷ್ಟು ಕಾಣುವ ಕೆಂಪುಕಿವಿ ಆಮೆ ಅಮೆರಿಕದ ಮಿಸಿಸಿಪಿ ನದಿಯ ಕಡೆಯದು, ಬೆಳೆದರೆ ಊಟದ ತಟ್ಟೆಯಷ್ಟು ಆಗುತ್ತದೆ, 20-30 ವರ್ಷ ಬದುಕುತ್ತದೆ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದೂ ಇದೆ. ಬೆಂಗಳೂರಿನ ಕೆರೆಗಳಲ್ಲೂ ಕಾಣಿಸಿಕೊಂಡಿದೆ. ನಮ್ಮ ಆಮೆಗಳು ಬಿಸಿಲು ಕಾಯುವ ಕಲ್ಲು, ತಿನ್ನುವ ಆಹಾರ ಎರಡಕ್ಕೂ ಅದು ಪೈಪೋಟಿ. ಅದಕ್ಕೇ ಅದರ ಹಿಂದೆ ಹೋಗಿ ಹಿಡಿಯಿರಿ, ಆಗದಿದ್ದರೆ ಇಲಾಖೆಗೆ ತಿಳಿಸಿ.

ಫ್ಲೋರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಇವತ್ತು ಇರುವ ಬರ್ಮಾ ಹೆಬ್ಬಾವುಗಳ ಮೂಲವೂ ಸಾಕುಪ್ರಾಣಿ ವ್ಯಾಪಾರವೇ. ಕೆಲವನ್ನು ಸಾಕಿದವರೇ ಬಿಟ್ಟರು, ಕೆಲವು ತಪ್ಪಿಸಿಕೊಂಡವು. 1992ರ ಆಂಡ್ರೂ ಚಂಡಮಾರುತಕ್ಕೆ ಹಾವು ಸಾಕುವ ಒಂದು ಕೇಂದ್ರವೂ ನೆಲಸಮವಾಯಿತು. ಅಲ್ಲಿ ಮೊಲ, ರಕೂನ್‌ನಂಥ ಸಣ್ಣ ಪ್ರಾಣಿಗಳು ಕಣ್ಣಿಗೆ ಬೀಳುವುದೇ ಅಪರೂಪವಾಗಿದೆ. ಅಮೆರಿಕ ಆ ಹಾವಿನ ಆಮದು ನಿಷೇಧಿಸಿದ್ದು 2012ರಲ್ಲಿ.

ಅಷ್ಟು ಭದ್ರವಾಗಿದ್ದ ಗೂಡಿನಿಂದ ಹೇಗೆ ಹೋಯಿತು?

ಭದ್ರ ಇರಲಿಲ್ಲ. ನಾನು ಕೇಳಿದ ಕಥೆಗಳಲ್ಲೆಲ್ಲ ಮನುಷ್ಯರ ಕೈಯೇ ಕಾರಣ: ಚಿಲಕ ಹಾಕಿರಲಿಲ್ಲ, ವೈರ್ ಹೋಗಲು ಕೊರೆದ ತೂತು ಮುಚ್ಚಿರಲಿಲ್ಲ, ಮುಚ್ಚಳದ ಮೇಲೆ ಪುಸ್ತಕದ ಭಾರ ಇಟ್ಟಿದ್ದರು. ನಾಲ್ಕಡಿ ಪೈಥಾನ್ ಆ ಭಾರವನ್ನು ಮೂತಿಯಿಂದಲೇ ಎತ್ತುತ್ತದೆ. ರಾತ್ರಿಯೆಲ್ಲ ಅಂಚಿನ ಉದ್ದಕ್ಕೂ ಒತ್ತಿ ಒತ್ತಿ ನೋಡುವುದೇ ಅದರ ಕೆಲಸ. ತಲೆ ತೂರಿದ ಕಡೆ ಮೈಯೂ ತೂರುತ್ತದೆ.

ಸರಿಯುವ ಗಾಜಿನ ಬಾಗಿಲಿಗೆ ಅಂಗಡಿ ಶೋಕೇಸಿಗೆ ಹಾಕುವ ಹಲ್ಲಿನ ಬೀಗ ಹಾಕಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಬೀಗ ಹಾಕಿದ ಮೇಲೆ ಕೀಲಿಯನ್ನು ಒಂದೇ ಮೊಳೆಗೆ ನೇತುಹಾಕಿ. ಮೊಳೆಯಲ್ಲಿ ಕೀಲಿ ಇಲ್ಲ ಅಂದರೆ ಗೂಡು ತೆರೆದಿದೆ ಅಂತ ಮನೆಯವರಿಗೆಲ್ಲ ಗೊತ್ತಾಗಬೇಕು.

ಪ್ರಾಣಿ ಏಕೆ ಹೊರಗೆ ಹೋಗಲು ನೋಡಿತು ಅನ್ನುವುದನ್ನೂ ಕೇಳಿಕೊಳ್ಳಿ. ಕರೆಂಟ್ ಹೋಗಿ ಗೂಡು ಬೆಚ್ಚಗಿಡುವ ಹೀಟ್ ಮ್ಯಾಟ್ ತಣ್ಣಗಾಗಿತ್ತಾ? ಅಡಗಲು ಜಾಗ ಚಿಕ್ಕದಾಯಿತಾ? ಮೈಗೆ ರಕ್ತ ಹೀರುವ ಉಣ್ಣೆ ಹತ್ತಿತ್ತಾ? ಸರಿಯಾದ ಬಿಸಿ, ಕತ್ತಲು, ನೀರು ಇರುವ ಗೂಡಿನಲ್ಲೂ ಹಾವು ಒತ್ತಿ ನೋಡುತ್ತದೆ, ಆದರೆ ಅಷ್ಟು ಹಟ ಹಿಡಿಯುವುದಿಲ್ಲ.

ಎಷ್ಟು ದಿನ ಹುಡುಕಬೇಕು? ಆಸೆ ಬಿಡುವುದು ಯಾವಾಗ?

ಹಕ್ಕಿ, ಗ್ಲೈಡರ್, ಹೆಡ್ಜ್‌ಹಾಗ್‌ಗೆ ಒಂದೊಂದು ಗಂಟೆಯೂ ಲೆಕ್ಕ. ಹಾವಿಗೆ ಹಾಗಲ್ಲ. ಆರೋಗ್ಯವಾಗಿರುವ ದೊಡ್ಡ ಬಾಲ್ ಪೈಥಾನ್ ಊಟವಿಲ್ಲದೆ ತಿಂಗಳುಗಟ್ಟಲೆ ಇರುತ್ತದೆ, ನೀರು ಸಿಗಬೇಕು ಅಷ್ಟೇ. ಅದಕ್ಕೇ ಪ್ರತಿ ಕೋಣೆಯಲ್ಲೂ ಗೋಡೆಗೆ ತಾಗಿಸಿ ನೀರಿನ ತಟ್ಟೆ ಇಡಿ.

ಬೆಲ್ಲ ಹೋದ ರಾತ್ರಿ ನಾನು ನೀರು ಬದಲಿಸಿ ಗಾಜು ಸರಿಸಿದೆ, ಅಷ್ಟರಲ್ಲಿ ಕುಕ್ಕರ್ ಕೂಗಿತು, ಬೀಗ ಹಾಕದೆ ಹೋದೆ. ಬೆಳಿಗ್ಗೆ ಗಾಜು ಎರಡು ಬೆರಳು ಸರಿದಿತ್ತು. ಜನವರಿಯಲ್ಲಿ ಇಲ್ಲಿ ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ, ಅದಕ್ಕೆ ಬೇಕಾದದ್ದು 30ರ ಆಸುಪಾಸು. ಫ್ರಿಜ್ ಹಿಂದೆ ಮೊದಲ ದಿನವೇ ಟಾರ್ಚ್ ಬಿಟ್ಟು ನೋಡಿದ್ದೆ, ಇರಲಿಲ್ಲ. ಒಂಬತ್ತನೇ ಬೆಳಿಗ್ಗೆ ಅಡುಗೆಮನೆ ಹೊಸ್ತಿಲ ರಂಗೋಲಿ ಪುಡಿಯಲ್ಲಿ ಅಲೆಯ ಗೆರೆ ಬಿದ್ದಿತ್ತು, ಒಳಮುಖವಾಗಿ. ಹೊರಗೆ ಬಂದ ಗೆರೆ ಇಲ್ಲ. ಹಾಗಾದರೆ ಅಡುಗೆಮನೆಯಲ್ಲೇ ಇದೆ. ಎರಡು ದಿನ ಆ ಬಾಗಿಲು ಮುಚ್ಚಿ, ಹೊರಗಿನಿಂದ ಊಟ ತರಿಸಿ, ಡಬ್ಬಿ ಡಬ್ಬಿ ತೆಗೆದು ನೋಡಿದೆ. ಕೊನೆಗೆ ಫ್ರಿಜ್ ಪ್ಲಗ್ ಕಿತ್ತು, ಮುಂದೆ ಎಳೆದು, ಹಿಂದಿನ ಕೆಳಗಿನ ರಟ್ಟಿನ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿದೆ. ಕಂಪ್ರೆಸರಿಗೆ ಮೈ ತಾಗಿಸಿ ಸುತ್ತಿಕೊಂಡಿತ್ತು. ಬೆನ್ನ ಮೇಲೆ ಬೂದು ಧೂಳಿನ ಪದರ, ಗಲ್ಲದ ಕೆಳಗೆ ಜೇಡನ ಬಲೆ. ಕೈ ಇಟ್ಟಾಗ ಬಿಸಿಯಾಗಿತ್ತು. ನಾಲಿಗೆ ಹೊರಗೆ ಬಂತು.

ಸಿಕ್ಕಿತು. ಈಗ ಏನು ಮಾಡಲಿ?

ತಕ್ಷಣ ಊಟ ಕೊಡಬೇಡಿ. ಮೊದಲು ಮೈ ನೋಡಿ: ಸುಟ್ಟ ಗುರುತು, ಗಾಯ, ಬಾಯಿ ತೆರೆದು ಉಸಿರಾಡುವುದು, ಹುರುಪೆ ಸಂದಿಯಲ್ಲಿ ಕರಿ ಚುಕ್ಕೆಯಂಥ ಉಣ್ಣೆ. ಇಲಿ ಹಿಡಿಯಲು ಇಡುವ ಗ್ಲೂ ಟ್ರ್ಯಾಪಿಗೆ ಅಂಟಿದ್ದರೆ ಎಳೆಯಬೇಡಿ, ಅಡುಗೆ ಎಣ್ಣೆ ಸವರಿ ನಿಧಾನ ಬಿಡಿಸಿ. ಇಲಿ ಪಾಷಾಣ, ಫಿನಾಯಿಲ್ ತಾಗಿರುವ ಅನುಮಾನ ಇದ್ದರೆ ಅದೇ ದಿನ ಇಂಥ ಪ್ರಾಣಿಗಳನ್ನು ನೋಡುವ ವೈದ್ಯರಿಗೆ ತೋರಿಸಿ. ಸಾಮಾನ್ಯ ನಾಯಿ-ಬೆಕ್ಕಿನ ಕ್ಲಿನಿಕ್‌ನಲ್ಲಿ ಮುಟ್ಟಲು ಹಿಂಜರಿಯಬಹುದು, ಮೊದಲೇ ಫೋನ್ ಮಾಡಿ ಕೇಳಿ. ಸರೀಸೃಪ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅವುಗಳ ಮೈಯಲ್ಲಿ ಇರುತ್ತದೆ. ಅದು ಓಡಾಡಿದ ಅಡುಗೆ ಕಟ್ಟೆಯನ್ನೂ ಒರೆಸಿ.

ಆಮೇಲೆ ಕಾಣೆಯಾದ ಸುದ್ದಿ ಯಾರಿಗೆಲ್ಲ ಹೇಳಿದ್ದಿರೋ ಅವರಿಗೆಲ್ಲ ಸಿಕ್ಕಿತು ಅಂತ ತಿಳಿಸಿ, ಅಂಟಿಸಿದ ಪೋಸ್ಟರ್ ತೆಗೆಯಿರಿ, ಇಲಾಖೆಗೆ ಬರೆದಿದ್ದರೆ ಇನ್ನೊಂದು ಪತ್ರ ಕೊಡಿ. ಬೆಲ್ಲ ಹೋಗುವಾಗ 1,350 ಗ್ರಾಂ ಇತ್ತು, ಸಿಕ್ಕಾಗ 1,290. ಬೆಚ್ಚಗಿನ ಗೂಡಿಗೆ ಬಿಟ್ಟ ಕೂಡಲೇ ನೀರಿನ ಬಟ್ಟಲಿಗೆ ಮೂತಿ ಇಟ್ಟು ನಾಲ್ಕು ನಿಮಿಷ ಕುಡಿಯಿತು, ಗಂಟಲು ಏಳುತ್ತಾ ಇಳಿಯುತ್ತಾ ಇತ್ತು. ಒಂದು ವಾರ ಯಾರೂ ಮುಟ್ಟಲಿಲ್ಲ. ಎಂಟನೇ ದಿನ ಇಲಿ ತಿಂದಿತು.